ದುಡಿಯುವ ಕೈ ಬೇಕು, ಹೆರುವ ಒಡಲು ಬೇಡ!

ಜಾಗತಿಕ ವಲಸೆ ಮತ್ತು ಸಂತಾನೋತ್ಪತ್ತಿ ಆರೋಗ್ಯದ ಹಕ್ಕು ಎಂಬುದು ಇಂದು ವಿಶ್ವವಿದ್ಯಾನಿಲಯಗಳ ಅಚ್ಚುಮೆಚ್ಚಿನ ಅಧ್ಯಯನ ವಿಷಯ. ಇದಕ್ಕಾಗಿ ವಿಭಾಗಗಳಿವೆ, ಪೀಠಗಳಿವೆ, ಅನುದಾನಗಳಿವೆ, ವರ್ಷಕ್ಕೆ ಹತ್ತಾರು ವಿಚಾರಗೋಷ್ಠಿಗಳು ನಡೆಯುತ್ತವೆ. ವಿಶ್ವಸಂಸ್ಥೆಯ ಅಂದಾಜಿನಂತೆ 2024ರಲ್ಲಿ ತಾವು ಹುಟ್ಟಿದ ದೇಶದ ಹೊರಗೆ ಬದುಕುತ್ತಿದ್ದವರ ಸಂಖ್ಯೆ ಸುಮಾರು 30 ಕೋಟಿ 40 ಲಕ್ಷ; ಅವರಲ್ಲಿ ಅರ್ಧಕ್ಕೆ ತುಸು ಕಡಿಮೆ ಮಂದಿ ಸ್ತ್ರೀಯರು. ಇಷ್ಟು ದೊಡ್ಡ ಜನಸಮೂಹದ ಕುರಿತು ವಿದ್ವಾಂಸರು ಅಧ್ಯಯನ ನಡೆಸುವುದು ಸ್ವಾಗತಾರ್ಹವೇ. ಆದರೆ ಈ ಅಧ್ಯಯನಗಳ ಕೇಂದ್ರದಲ್ಲಿ ಯಾವ ಪ್ರಶ್ನೆ ಇರಬೇಕಿತ್ತೋ ಅದು ಬಹುಪಾಲು ಅಡಿಟಿಪ್ಪಣಿಯಲ್ಲಿ ಉಳಿದಿದೆ. ತಾನು ದುಡಿಯುವ ನೆಲದಲ್ಲಿ ತಾಯಿಯಾಗುವ ಅನುಮತಿ ಆ ಹೆಣ್ಣಿಗೆ ಇದೆಯೇ? ಆ ಅನುಮತಿಯನ್ನು ಕೊಡುವವರು ಯಾರು, ಕಸಿದುಕೊಳ್ಳುವವರು ಯಾರು?

ಈ ಪ್ರಶ್ನೆಯನ್ನು ಎತ್ತಿದ ಕೂಡಲೇ ನಮ್ಮ ಸಮುದಾಯದ ಹಿರಿಯರಲ್ಲಿ ಕೆಲವರ ಹುಬ್ಬು ಗಂಟಿಕ್ಕುತ್ತದೆ. ‘ಸಂತಾನೋತ್ಪತ್ತಿ ಹಕ್ಕು’ ಎಂದರೆ ಗರ್ಭಪಾತ, ‘ಸಂತಾನೋತ್ಪತ್ತಿ ಆರೋಗ್ಯ’ ಎಂದರೆ ಸಂತಾನಹರಣ ಶಸ್ತ್ರಚಿಕಿತ್ಸೆ, ಒಟ್ಟಿನಲ್ಲಿ ಇದು ಪಶ್ಚಿಮದ ಷಡ್ಯಂತ್ರ ಎಂಬ ಸಿದ್ಧ ಉತ್ತರ ಅವರ ಬಳಿ ಇರುತ್ತದೆ. ಆ ಸಂಶಯವನ್ನು ನಗುತ್ತಾ ತಳ್ಳಿಹಾಕುವಂತಿಲ್ಲ. ಅದಕ್ಕೆ ಇತಿಹಾಸವಿದೆ, ಮತ್ತು ಆ ಇತಿಹಾಸದಲ್ಲಿ ವಿಶ್ವವಿದ್ಯಾನಿಲಯಗಳ ಕೈಬರಹವೂ ಇದೆ.

ಅಮೆರಿಕದ ಪ್ರಿನ್ಸ್‌ಟನ್ ವಿಶ್ವವಿದ್ಯಾನಿಲಯದಲ್ಲಿ ಜನಸಂಖ್ಯಾ ಸಂಶೋಧನಾ ಕಚೇರಿ ಆರಂಭವಾದದ್ದು 1936ರಲ್ಲಿ. ಮೂರನೆಯ ಜಾನ್ ಡಿ. ರಾಕ್‌ಫೆಲ್ಲರ್ ಪಾಪ್ಯುಲೇಶನ್ ಕೌನ್ಸಿಲ್ ಸ್ಥಾಪಿಸಿದ್ದು 1952ರಲ್ಲಿ. 1958ರಲ್ಲಿ ಕೋಲ್ ಮತ್ತು ಹೂವರ್ ಎಂಬ ಇಬ್ಬರು ವಿದ್ವಾಂಸರು ಭಾರತವನ್ನೇ ಮುಖ್ಯ ಉದಾಹರಣೆಯಾಗಿಸಿಕೊಂಡು, ಬಡದೇಶಗಳ ಏಳಿಗೆಗೆ ಜನನ ಪ್ರಮಾಣವೇ ಅಡ್ಡಿ ಎಂದು ಪ್ರತಿಪಾದಿಸುವ ಗ್ರಂಥವನ್ನು ಪ್ರಕಟಿಸಿದರು. ಬಡವನ ಬಡತನಕ್ಕೆ ಬಡವನ ಮಕ್ಕಳೇ ಕಾರಣ ಎಂಬ ಈ ಸಿದ್ಧಾಂತ ಆಳುವವರಿಗೆ ಎಷ್ಟು ಅನುಕೂಲಕರವಾಗಿತ್ತೆಂಬುದನ್ನು ಬಿಡಿಸಿ ಹೇಳಬೇಕಾಗಿಲ್ಲ. ಗರ್ಭನಿರೋಧಕ ಮಾತ್ರೆಯ ದೊಡ್ಡ ಪ್ರಮಾಣದ ಪ್ರಯೋಗ 1956ರಲ್ಲಿ ಆರಂಭವಾದದ್ದು ಬೋಸ್ಟನ್ನಿನ ಸಿರಿವಂತ ಬೀದಿಗಳಲ್ಲಿ ಅಲ್ಲ, ಪೋರ್ಟೊ ರಿಕೋದ ಬಡವರ ವಸತಿಯಲ್ಲಿ. ನಮ್ಮಲ್ಲೋ, ತುರ್ತು ಪರಿಸ್ಥಿತಿಯ 1976-77ರ ಒಂದೇ ವರ್ಷದಲ್ಲಿ 82 ಲಕ್ಷಕ್ಕೂ ಅಧಿಕ ಸಂತಾನಹರಣ ಶಸ್ತ್ರಚಿಕಿತ್ಸೆಗಳು ನಡೆದವು. 1976ರ ನವೆಂಬರ್‌ನಲ್ಲಿ ಹರಿಯಾಣದ ಉತ್ತಾವರ್ ಎಂಬ ಮೇವ್ ಮುಸ್ಲಿಮರ ಗ್ರಾಮವನ್ನು ಪೊಲೀಸರು ಸುತ್ತುವರಿದು ಪುರುಷರನ್ನು ಎಳೆದೊಯ್ದದ್ದನ್ನು ಆ ಗ್ರಾಮ ಇನ್ನೂ ಮರೆತಿಲ್ಲ.

ವಲಸೆಗಾರ್ತಿಯರ ವಿಷಯದಲ್ಲಂತೂ ಲಾಸ್ ಏಂಜಲೀಸ್‌ನ ಪ್ರಕರಣವೊಂದೇ ಸಾಕು. 1970ರ ದಶಕದ ಆರಂಭದಲ್ಲಿ ಅಲ್ಲಿನ ವಿಶ್ವವಿದ್ಯಾನಿಲಯದೊಂದಿಗೆ ಹೊಂದಿಕೊಂಡ ಸರಕಾರಿ ಬೋಧನಾ ಆಸ್ಪತ್ರೆಯಲ್ಲಿ, ಸ್ಪ್ಯಾನಿಷ್ ಮಾತ್ರ ಬಲ್ಲ ಮೆಕ್ಸಿಕನ್ ಮೂಲದ ಸ್ತ್ರೀಯರ ಮುಂದೆ ಹೆರಿಗೆ ನೋವಿನ ನಡುವೆ ಇಂಗ್ಲಿಷ್ ಕಾಗದ ಹಿಡಿದು ರುಜು ಪಡೆದು ಅವರ ಗರ್ಭನಾಳಗಳನ್ನು ಕಟ್ಟಲಾಯಿತು. ಹತ್ತು ಮಂದಿ ನ್ಯಾಯಾಲಯದ ಮೆಟ್ಟಲೇರಿದರು. 1978ರಲ್ಲಿ ತೀರ್ಪು ಬಂದದ್ದು ಆಸ್ಪತ್ರೆಯ ಪರವಾಗಿ. ಸ್ಥಳೀಯ ಆಡಳಿತ ಕ್ಷಮೆ ಕೋರಲು 2018ರವರೆಗೆ ಕಾಯಬೇಕಾಯಿತು. ಇದೆಲ್ಲ ಹಳೆಯ ಮಾತೆನ್ನುವವರು ಜಾರ್ಜಿಯಾದ ಇರ್ವಿನ್ ಕೌಂಟಿ ಬಂಧನ ಕೇಂದ್ರದ ಕುರಿತು ಅಮೆರಿಕದ ಸೆನೆಟ್ ಉಪಸಮಿತಿ 2022ರ ನವೆಂಬರ್‌ನಲ್ಲಿ ನೀಡಿದ ವರದಿಯನ್ನು ಓದಬೇಕು. ಸಾಮೂಹಿಕವಾಗಿ ಗರ್ಭಕೋಶ ತೆಗೆಯಲಾಯಿತೆಂಬ ಮೂಲ ಆರೋಪ ಸಾಬೀತಾಗಲಿಲ್ಲ. ಆದರೆ ಬಂಧನದಲ್ಲಿದ್ದ ವಲಸೆಗಾರ್ತಿಯರ ಮೇಲೆ ಅತಿಯಾದ, ಅನೇಕ ವೇಳೆ ಅನಗತ್ಯವಾದ ಸ್ತ್ರೀರೋಗ ಚಿಕಿತ್ಸೆಗಳು ನಡೆದಿದ್ದವೆಂದು ಆ ಸಮಿತಿಯೇ ಕಂಡುಕೊಂಡಿತು.

ಆದುದರಿಂದ ಸಂಶಯ ಸಕಾರಣವೇ. ಆದರೆ ಸಕಾರಣ ಸಂಶಯವೂ ಆಲಸ್ಯದ ಹೊದಿಕೆಯಾಗಬಾರದು. ಇಂದು ಗಡಿ ದಾಟಿ ದುಡಿಯುವ ಬಡ ಹೆಣ್ಣಿನ ಮುಖ್ಯ ದೂರು ತನ್ನನ್ನು ಹೆರದಂತೆ ಪುಸಲಾಯಿಸುತ್ತಿದ್ದಾರೆ ಎಂಬುದಲ್ಲ. ಹೆತ್ತರೆ ಕೆಲಸ ಹೋಗುತ್ತದೆ, ವೀಸಾ ಹೋಗುತ್ತದೆ, ಕೆಲವೆಡೆ ಸೆರೆಮನೆಯೇ ಗತಿಯಾಗುತ್ತದೆ ಎಂಬುದು. ತಾಯ್ತನವನ್ನು ಪವಿತ್ರವೆಂದು ಸಾರುವ ನಾವು ಈ ಹಕ್ಕಿನ ಮಾತು ಕೇಳಿದಾಗ ಕಿವಿ ಮುಚ್ಚಿಕೊಂಡರೆ, ಯಾರ ತಾಯ್ತನವನ್ನು ರಕ್ಷಿಸಿದಂತಾಯಿತು?

1994ರ ಸೆಪ್ಟೆಂಬರ್‌ನಲ್ಲಿ ಕೈರೋದಲ್ಲಿ ನಡೆದ ವಿಶ್ವಸಂಸ್ಥೆಯ ಜನಸಂಖ್ಯಾ ಸಮ್ಮೇಳನವನ್ನು ಓದುಗರಲ್ಲಿ ಹಲವರು ನೆನಪಿಟ್ಟಿರಬಹುದು. 179 ರಾಷ್ಟ್ರಗಳು ಕಾರ್ಯಯೋಜನೆಯೊಂದನ್ನು ಅಂಗೀಕರಿಸಿದವು. ಅದರ ಏಳನೆಯ ಅಧ್ಯಾಯ ಸಂತಾನೋತ್ಪತ್ತಿ ಹಕ್ಕುಗಳದ್ದು. ಹತ್ತನೆಯದು ಅಂತಾರಾಷ್ಟ್ರೀಯ ವಲಸೆಯದ್ದು. ಲೋಕದ ಪತ್ರಿಕೆಗಳು ಬರೆದದ್ದೆಲ್ಲ ಏಳನೆಯದರ ಬಗ್ಗೆ. ವ್ಯಾಟಿಕನ್ ವಿರೋಧಿಸಿತು, ಸೌದಿ ಅರೇಬಿಯಾ, ಸುಡಾನ್, ಲೆಬನಾನ್, ಇರಾಕ್ ಬಹಿಷ್ಕರಿಸಿದವು, ಕುವೈತ್, ಯುಎಇ ಮೊದಲಾದ ರಾಷ್ಟ್ರಗಳು ಶರೀಅತ್‌ಗೆ ಒಳಪಟ್ಟು ಎಂಬ ಷರತ್ತು ಹಾಕಿದವು. ಗರ್ಭಪಾತವನ್ನು ಕುಟುಂಬ ಯೋಜನೆಯ ವಿಧಾನವಾಗಿ ಯಾವ ಕಾರಣಕ್ಕೂ ಪ್ರೋತ್ಸಾಹಿಸಬಾರದೆಂದು ಅದೇ ದಾಖಲೆ ಹೇಳಿತೆಂಬುದನ್ನು ಮಾತ್ರ ನಮ್ಮ ಭಾಷಣಕಾರರು ಇಂದಿಗೂ ಹೇಳುವುದಿಲ್ಲ. ದಂಪತಿಗಳು ಎಷ್ಟು ಮಕ್ಕಳನ್ನು, ಎಷ್ಟು ಅಂತರದಲ್ಲಿ, ಯಾವಾಗ ಪಡೆಯಬೇಕೆಂಬುದನ್ನು ಬಲಾತ್ಕಾರವಿಲ್ಲದೆ ತಾವೇ ನಿರ್ಧರಿಸಬೇಕು ಎಂಬುದು ಏಳನೆಯ ಅಧ್ಯಾಯದ ತಿರುಳು. ಉತ್ತಾವರ್‌ನ ಜನರು ಕೇಳಿದ್ದು ಇದನ್ನೇ ಅಲ್ಲವೇ?

ಹತ್ತನೆಯ ಅಧ್ಯಾಯದಲ್ಲಿ ನಡೆದದ್ದು ಇದಕ್ಕಿಂತ ಸ್ವಾರಸ್ಯಕರ. ವಲಸೆ ಕಾರ್ಮಿಕನಿಗೆ ತನ್ನ ಕುಟುಂಬದೊಂದಿಗೆ ಒಂದಾಗಿ ಬಾಳುವ ‘ಹಕ್ಕು’ ಇದೆಯೆಂದು ಬರೆಯಬೇಕೆಂದು ಕಾರ್ಮಿಕರನ್ನು ಕಳುಹಿಸುವ ಬಡದೇಶಗಳು ಪಟ್ಟು ಹಿಡಿದವು. ಏಳನೆಯ ಅಧ್ಯಾಯದಲ್ಲಿ ಹಕ್ಕು, ಹಕ್ಕು ಎಂದು ಮೇಜು ಕುಟ್ಟಿದ್ದ ಶ್ರೀಮಂತ ರಾಷ್ಟ್ರಗಳು ಇಲ್ಲಿ ಆ ಶಬ್ದವನ್ನು ಕಂಡು ಹೌಹಾರಿದವು. ಕೊನೆಗೆ ‘ಹಕ್ಕು’ ಹೋಯಿತು. ಕುಟುಂಬದ ಪುನರ್ಮಿಲನಕ್ಕೆ ಅತ್ಯಂತ ಮಹತ್ವವಿದೆ ಎಂಬ ಮೃದುವಾದ ಸಾಲು ಉಳಿಯಿತು. ಮಹತ್ವವಿದೆಯಂತೆ, ಹಕ್ಕಿಲ್ಲವಂತೆ! ಮಗು ಬೇಡವೆನ್ನುವ ಸ್ವಾತಂತ್ರ್ಯ ವಲಸೆಗಾರ್ತಿಗೆ ಸಿಗಲಿ ಎಂದವರು, ಮಗು ಬೇಕೆನ್ನುವ ಗಂಡಹೆಂಡಿರು ಒಂದೇ ಸೂರಿನಡಿ ಇರುವ ಸ್ವಾತಂತ್ರ್ಯವನ್ನು ಕೊಡಲೊಲ್ಲದೆ ಹೋದರು. ಕುಟುಂಬದ ರಕ್ಷಕರೆಂದು ಎದೆ ತಟ್ಟಿಕೊಂಡ ಅರಬ್ ಸರಕಾರಗಳಾದರೂ ಈ ಅಧ್ಯಾಯಕ್ಕಾಗಿ ಹೋರಾಡಿದವೇ? ತಮ್ಮ ನೆಲದಲ್ಲೇ ಲಕ್ಷಾಂತರ ಕುಟುಂಬಗಳನ್ನು ಒಡೆದಿಟ್ಟ ಕಫಾಲಾ ಪದ್ಧತಿ ಇರುವಾಗ ಅವು ಯಾವ ಬಾಯಿಯಿಂದ ಮಾತನಾಡಬೇಕಿತ್ತು? ವಲಸೆ ಕಾರ್ಮಿಕರ ಮತ್ತು ಅವರ ಕುಟುಂಬಗಳ ಹಕ್ಕುಗಳನ್ನು ರಕ್ಷಿಸುವ 1990ರ ಅಂತಾರಾಷ್ಟ್ರೀಯ ಒಡಂಬಡಿಕೆಗೆ ಪಶ್ಚಿಮ ಯುರೋಪ್, ಅಮೆರಿಕ, ಕೊಲ್ಲಿಯ ಆರು ರಾಷ್ಟ್ರಗಳು ಯಾವುವೂ ಸೇರಲಿಲ್ಲ. ಭಾರತವೂ ಸೇರಲಿಲ್ಲ.

ಇದರ ಫಲ ಏನೆಂಬುದನ್ನು ನೋಡೋಣ. ಸಿಂಗಾಪುರದಲ್ಲಿ ವಿದೇಶೀ ಮನೆಗೆಲಸದಾಕೆ ಆರು ತಿಂಗಳಿಗೊಮ್ಮೆ ವೈದ್ಯಕೀಯ ತಪಾಸಣೆಗೆ ಒಳಗಾಗಬೇಕು. ಅದರಲ್ಲಿ ಗರ್ಭಪರೀಕ್ಷೆಯೂ ಸೇರಿದೆ. ಗರ್ಭಿಣಿಯೆಂದು ತಿಳಿದರೆ ಮುಂದಿನ ದಾರಿ ವಿಮಾನ ನಿಲ್ದಾಣದ್ದು. ಕೊಲ್ಲಿ ರಾಷ್ಟ್ರಗಳಿಗೆ ಹೋಗುವವರು ‘ಗಾಮ್ಕಾ ಮೆಡಿಕಲ್’ ಎಂದು ಕರೆಯುತ್ತಿದ್ದ ತಪಾಸಣೆಯಲ್ಲಿ ಗರ್ಭವು ಕ್ಷಯ, ಎಚ್‌ಐವಿಗಳ ಜೊತೆಗೆ ‘ಅನರ್ಹತೆ’ಯ ಪಟ್ಟಿಯಲ್ಲಿ ಬರುತ್ತದೆ. ಗರ್ಭ ಒಂದು ರೋಗವೇ? ಸ್ತ್ರೀಯರ ವಿರುದ್ಧದ ತಾರತಮ್ಯ ನಿವಾರಣೆಯ ವಿಶ್ವಸಂಸ್ಥೆಯ ಸಮಿತಿ 2008ರ ತನ್ನ 26ನೆಯ ಸಾಮಾನ್ಯ ಶಿಫಾರಸಿನಲ್ಲಿ ಕಡ್ಡಾಯ ಗರ್ಭಪರೀಕ್ಷೆ ಮತ್ತು ಗಡೀಪಾರನ್ನು ಹೆಸರೆತ್ತಿಯೇ ಆಕ್ಷೇಪಿಸಿತು. ಆಕ್ಷೇಪಣೆ ಕಡತದಲ್ಲಿದೆ, ಪರೀಕ್ಷೆ ಆಸ್ಪತ್ರೆಯಲ್ಲಿದೆ.

ಹೇಳಲು ಮುಜುಗರವಾಗುವ ಸಂಗತಿಯೊಂದಿದೆ. ಹೆತ್ತ ವಲಸೆ ಕಾರ್ಮಿಕಳು ಮೂರು ತಿಂಗಳೊಳಗೆ ದೇಶ ಬಿಡಬೇಕು ಇಲ್ಲವೇ ಶಿಶುವನ್ನು ಹೊರಗೆ ಕಳುಹಿಸಬೇಕು ಎಂಬ ನಿಯಮ ಇಸ್ರೇಲಿನಲ್ಲೂ ಇತ್ತು. 2011ರಲ್ಲಿ ಅಲ್ಲಿನ ಸರ್ವೋಚ್ಚ ನ್ಯಾಯಾಲಯ ಅದನ್ನು ರದ್ದುಗೊಳಿಸಿತು. ಅದೇ ನ್ಯಾಯಾಲಯ ಆಕ್ರಮಿತ ಪ್ರದೇಶದ ಫೆಲೆಸ್ತೀನಿ ಗಂಡನೋ ಹೆಂಡತಿಯೋ ಇಸ್ರೇಲಿ ಪ್ರಜೆಯಾದ ತನ್ನ ಸಂಗಾತಿಯೊಂದಿಗೆ ಅಲ್ಲಿ ನೆಲೆಸುವುದನ್ನು ತಡೆಯುವ ಕಾನೂನನ್ನು 2006ರಲ್ಲೂ 2012ರಲ್ಲೂ ಎತ್ತಿಹಿಡಿಯಿತು ಎಂಬುದನ್ನು ಮರೆಯುವಂತಿಲ್ಲ. ಆ ರಾಷ್ಟ್ರದ ನ್ಯಾಯಪ್ರಜ್ಞೆ ಎಲ್ಲಿ ನಿಂತುಬಿಡುತ್ತದೆಂಬುದಕ್ಕೆ ಅದೇ ಸಾಕ್ಷಿ. ಆದರೆ ಫಿಲಿಪ್ಪೀನ್ಸಿನ ಒಬ್ಬ ದಾದಿಯ ಗರ್ಭದ ವಿಷಯದಲ್ಲಿ ಟೆಲ್ ಅವೀವ್‌ನ ಕಾನೂನು ನಮ್ಮ ಮುಸ್ಲಿಮ್ ರಾಜಧಾನಿಗಳ ಕಾನೂನಿಗಿಂತ ಮೃದುವಾಗಿದೆ ಎಂದಾದರೆ, ಆ ರಾಜಧಾನಿಗಳನ್ನು ನಾವು ಪ್ರಶ್ನಿಸಬಾರದೇ?

2020ರ ಅಕ್ಟೋಬರ್ 2ರಂದು ದೋಹಾ ವಿಮಾನ ನಿಲ್ದಾಣದಲ್ಲಿ ನವಜಾತ ಶಿಶುವೊಂದು ಕಸದ ತೊಟ್ಟಿಯಲ್ಲಿ ಪತ್ತೆಯಾಯಿತು. ಹೆತ್ತವಳನ್ನು ಹುಡುಕುವ ಆತುರದಲ್ಲಿ ಅಧಿಕಾರಿಗಳು ವಿಮಾನಗಳಿಂದ ಸ್ತ್ರೀಯರನ್ನು ಇಳಿಸಿ ಅವರ ಒಪ್ಪಿಗೆಯಿಲ್ಲದೆ ದೇಹಪರೀಕ್ಷೆ ನಡೆಸಿದರು. ಆ ಸ್ತ್ರೀಯರಲ್ಲಿ ಆಸ್ಟ್ರೇಲಿಯಾದವರು ಇದ್ದುದರಿಂದ ಲೋಕಕ್ಕೆ ಸುದ್ದಿ ತಿಳಿಯಿತು. ಕತರ್ ಕ್ಷಮೆ ಕೋರಿತು, ಮೊಕದ್ದಮೆಗಳು ಹೂಡಲ್ಪಟ್ಟವು, ಸಂಪಾದಕೀಯಗಳು ಹೊರಬಂದವು. ನಡೆದದ್ದು ಅಕ್ಷಮ್ಯವೇ, ಅದರಲ್ಲಿ ಎರಡು ಮಾತಿಲ್ಲ. ಆದರೆ ಆ ಶಿಶುವಿನ ತಾಯಿ? ಆಕೆ ಏಷ್ಯಾದ ರಾಷ್ಟ್ರವೊಂದರವಳೆಂದು ಸರಕಾರಿ ಅಭಿಯೋಜಕರು ತಿಳಿಸಿದರು. ಆಕೆಯ ಮೇಲೆ ಕೊಲೆಯತ್ನದ ಆರೋಪ ಹೊರಿಸಿದರು. ಶಿಶು ಬದುಕುಳಿಯಿತು. ಹೆತ್ತ ಕೂಡಲೇ ಶಿಶುವನ್ನು ತೊಟ್ಟಿಗೆಸೆದು ವಿಮಾನವೇರುವ ಸ್ಥಿತಿಗೆ ಒಬ್ಬ ಹೆಣ್ಣು ಹೇಗೆ ತಲಪಿದಳು? ಮದುವೆಯ ಹೊರಗಿನ ಗರ್ಭ ಅಪರಾಧವಾಗಿರುವ, ಆಸ್ಪತ್ರೆಯಲ್ಲಿ ಹೆರಿಗೆಗೆ ಹೋದರೆ ವಿವಾಹಪತ್ರ ಕೇಳುವ ನೆಲದಲ್ಲಿ ಆಕೆಯ ಮುಂದೆ ಬೇರೆ ಯಾವ ಬಾಗಿಲು ತೆರೆದಿತ್ತು? ಈ ಪ್ರಶ್ನೆಯನ್ನು ಸಿಡ್ನಿಯ ಪತ್ರಿಕೆಗಳೂ ಕೇಳಲಿಲ್ಲ, ದೋಹಾದ ಮಿಂಬರ್‌ಗಳೂ ಕೇಳಲಿಲ್ಲ.

ವ್ಯಭಿಚಾರ ಪಾಪ. ಇಸ್ಲಾಮ್ ಅದರಲ್ಲಿ ರಾಜಿ ಮಾಡಿಕೊಂಡಿಲ್ಲ. ಆದರೆ ಅದೇ ಇಸ್ಲಾಮ್ ಆರೋಪಕ್ಕೆ ನಾಲ್ವರು ಪ್ರತ್ಯಕ್ಷದರ್ಶಿಗಳನ್ನು ಕೇಳುತ್ತದೆ. ಸಾಕ್ಷಿಯಿಲ್ಲದೆ ಹೆಣ್ಣಿನ ಮಾನದ ಮೇಲೆ ನಾಲಗೆ ಹರಿಯಬಿಟ್ಟವನಿಗೆ ಎಂಬತ್ತು ಛಡಿಯೇಟು ವಿಧಿಸುತ್ತದೆ. ಯಜಮಾನನೋ ಅವನ ಮಗನೋ ಬಲಾತ್ಕರಿಸಿದ ಖದ್ದಾಮಳ ಉಬ್ಬಿದ ಹೊಟ್ಟೆಯನ್ನೇ ಸಾಕ್ಷಿಯೆಂದು ಪರಿಗಣಿಸಿ ಆಕೆಯನ್ನು ಸೆರೆಗೆ ತಳ್ಳಿ, ಬಲಾತ್ಕರಿಸಿದವನನ್ನು ಬಿಟ್ಟುಬಿಡುವುದು ಯಾವ ಶರೀಅತ್? ಯುಎಇ ಈ ಕಾನೂನನ್ನು ಬದಲಿಸಿತು. 2022ರ ಜನವರಿಯಿಂದ ಜಾರಿಗೆ ಬಂದ ಹೊಸ ದಂಡಸಂಹಿತೆಯಲ್ಲಿ ಶಿಶುವಿನ ಹೊಣೆಯನ್ನು ಹೆತ್ತವರು ಒಪ್ಪಿಕೊಳ್ಳುವುದಕ್ಕೆ ಒತ್ತು ಕೊಟ್ಟಿತು. ಆದರೆ ಅದು ಮಾಡಿದ್ದು ವಿದೇಶೀ ಬಂಡವಾಳವನ್ನು ಸೆಳೆಯಲಿಕ್ಕೆ. ಮನೆಗೆಲಸದಾಕೆಗೆ ನ್ಯಾಯ ಸಿಗಲೆಂದು ಯಾವ ಉಲಮಾ ಮಂಡಳಿಯೂ ಅದಕ್ಕೆ ಮುಂಚೆ ದನಿಯೆತ್ತಿದ್ದನ್ನು ನಾವು ಕೇಳಿಲ್ಲ.

ಹಿಜ್‌ರಾದ ಇತಿಹಾಸವನ್ನು ನಾವು ಪ್ರತಿ ಮುಹರ್ರಮ್‌ನಲ್ಲಿ ಹೇಳುತ್ತೇವೆ. ಅಬೂಬಕರ್(ರ)ರ ಪುತ್ರಿ ಅಸ್ಮಾ(ರ) ಮಕ್ಕಾದಿಂದ ಮದೀನಾಕ್ಕೆ ವಲಸೆ ಹೊರಟಾಗ ತುಂಬು ಗರ್ಭಿಣಿ. ಕುಬಾ ತಲಪಿ ಅಲ್ಲಿಯೇ ಗಂಡು ಮಗುವನ್ನು ಹೆತ್ತರು. ಪ್ರವಾದಿವರ್ಯರು(ಸ) ಆ ಶಿಶುವನ್ನು ಮಡಿಲಲ್ಲಿ ಇಟ್ಟುಕೊಂಡು, ಖರ್ಜೂರ ಅಗಿದು ಅದರ ಬಾಯಿಗಿಟ್ಟು, ಸಮೃದ್ಧಿಗಾಗಿ ಪ್ರಾರ್ಥಿಸಿದರು. ಮದೀನಾದಲ್ಲಿ ಮುಹಾಜಿರರಿಗೆ ಹುಟ್ಟಿದ ಮೊದಲ ಮಗು ಅದು. ಅಬ್ದುಲ್ಲಾ ಇಬ್ನ್ ಝುಬೈರ್(ರ). ಆ ಹುಟ್ಟಿಗೆ ಇಡೀ ಪಟ್ಟಣ ಸಂಭ್ರಮಿಸಿತು. ವಲಸೆಗಾರ್ತಿಯೊಬ್ಬಳ ಹೆರಿಗೆಯನ್ನು ಹೀಗೆ ಬರಮಾಡಿಕೊಂಡ ನೆಲದ ವಾರಸುದಾರರೆಂದು ಹೇಳಿಕೊಳ್ಳುವವರು ಇಂದು ಗರ್ಭಪರೀಕ್ಷೆಯ ಕಾಗದ ನೋಡಿ ವೀಸಾ ಕೊಡುತ್ತಾರೆ.

ಪಶ್ಚಿಮವೇನೂ ಇದಕ್ಕಿಂತ ಬೇರೆಯಲ್ಲ, ಅಲ್ಲಿ ಬೆಲೆಪಟ್ಟಿ ಮಾತ್ರ ನಾಜೂಕಾಗಿದೆ. ಬ್ರಿಟನ್ ತನ್ನ ಪ್ರಜೆಯು ವಿದೇಶೀ ಸಂಗಾತಿಯನ್ನು ಕರೆಸಿಕೊಳ್ಳಲು ಬೇಕಾದ ಕನಿಷ್ಠ ವಾರ್ಷಿಕ ಆದಾಯವನ್ನು 2024ರ ಏಪ್ರಿಲ್‌ನಲ್ಲಿ 18,600 ಪೌಂಡ್‌ನಿಂದ 29,000ಕ್ಕೆ ಏರಿಸಿತು. ಅದೇ ವರ್ಷದ ಜನವರಿಯಲ್ಲಿ ಕುವೈತ್ ಕುಟುಂಬ ವೀಸಾಕ್ಕೆ ತಿಂಗಳಿಗೆ 800 ದಿನಾರ್ ವೇತನ ಮತ್ತು ವಿಶ್ವವಿದ್ಯಾನಿಲಯದ ಪದವಿ ಬೇಕೆಂದಿತು. ಪದವಿಯ ಷರತ್ತನ್ನು ಕೆಲವು ತಿಂಗಳ ಬಳಿಕ ಸಡಿಲಿಸಿತು. ಹೆಂಡತಿಯೊಂದಿಗೆ ಸಂಸಾರ ಮಾಡಲು ಪದವಿ ಬೇಕೆಂಬ ಆಲೋಚನೆ ಯಾವ ಅಧಿಕಾರಿಗೆ ಹೊಳೆಯಿತೋ! ಇಂಗ್ಲೆಂಡಿನಲ್ಲಿ ಸೂಕ್ತ ದಾಖಲೆಯಿಲ್ಲದ ಗರ್ಭಿಣಿಗೆ ಹೆರಿಗೆ ಚಿಕಿತ್ಸೆಯನ್ನು ನಿರಾಕರಿಸುವಂತಿಲ್ಲ, ನಿಜ. ಆದರೆ ಬಳಿಕ ವೆಚ್ಚದ ಒಂದೂವರೆ ಪಟ್ಟು ಬಿಲ್ಲು ಬರುತ್ತದೆ. 500 ಪೌಂಡ್ ಮೀರಿದ ಸಾಲ ಉಳಿದರೆ ಅದರ ಸುದ್ದಿ ಗೃಹ ಇಲಾಖೆಗೆ ಹೋಗುತ್ತದೆ. ಹೀಗಿರುವಾಗ ಗಡೀಪಾರಿಗೆ ಹೆದರುವ ಹೆಣ್ಣು ಆಸ್ಪತ್ರೆಗೆ ಹೋಗುವ ಮುನ್ನ ಎಷ್ಟು ಬಾರಿ ಯೋಚಿಸುತ್ತಾಳೆ?

ವಿಶ್ವವಿದ್ಯಾನಿಲಯಗಳಿಗೆ ಸಲ್ಲಬೇಕಾದ ಶ್ಲಾಘನೆಯನ್ನು ಇಲ್ಲಿ ಸಲ್ಲಿಸಬೇಕು. ಲಂಡನ್ನಿನ ಯೂನಿವರ್ಸಿಟಿ ಕಾಲೇಜ್ ಮತ್ತು ‘ಲ್ಯಾನ್ಸೆಟ್’ ವೈದ್ಯಕೀಯ ಪತ್ರಿಕೆ ಜೊತೆಗೂಡಿ ರಚಿಸಿದ ಆಯೋಗ 2018ರ ಡಿಸೆಂಬರ್‌ನಲ್ಲಿ ವಲಸೆ ಮತ್ತು ಆರೋಗ್ಯದ ಕುರಿತು ದೀರ್ಘ ವರದಿಯನ್ನು ಪ್ರಕಟಿಸಿತು. ವಲಸಿಗರು ರೋಗ ತರುತ್ತಾರೆ, ವಿಪರೀತ ಹೆರುತ್ತಾರೆ ಎಂಬ ಎರಡು ದಂತಕತೆಗಳನ್ನೂ ಅದು ಅಂಕಿಅಂಶಗಳೊಂದಿಗೆ ಒಡೆಯಿತು. ಯುರೋಪಿನ ಆರು ದೇಶಗಳ ಮಾಹಿತಿಯಂತೆ ಮೊದಲ ತಲೆಮಾರಿನ ಬಹುತೇಕ ವಲಸಿಗ ಗುಂಪುಗಳಲ್ಲಿ ಚೊಚ್ಚಲ ಹೆರಿಗೆಯ ಪ್ರಮಾಣ ಸ್ಥಳೀಯರಿಗಿಂತ ಕಡಿಮೆಯೇ ಇತ್ತು. ಆದರೆ ಮೂರೇ ತಿಂಗಳ ಬಳಿಕ, 2019ರ ಮಾರ್ಚ್ 15ರ ಶುಕ್ರವಾರ, ನ್ಯೂಝಿಲ್ಯಾಂಡಿನ ಕ್ರೈಸ್ಟ್‌ಚರ್ಚ್‌ನ ಎರಡು ಮಸೀದಿಗಳಲ್ಲಿ 51 ಮಂದಿಯನ್ನು ಕೊಂದವನ ಪ್ರಣಾಳಿಕೆ ಆರಂಭವಾಗುವುದೇ ಜನನ ಪ್ರಮಾಣದ ಮಾತಿನಿಂದ. ವರದಿಗಳು ಗ್ರಂಥಾಲಯದಲ್ಲಿ ಉಳಿಯುತ್ತವೆ, ದಂತಕತೆಗಳು ಬಂದೂಕು ಹಿಡಿಯುತ್ತವೆ. ನಮ್ಮ ದೇಶದಲ್ಲಿ ಮುಸ್ಲಿಮ್ ಸ್ತ್ರೀಯ ಸರಾಸರಿ ಹೆರಿಗೆ 1992-93ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ 4.4 ಇದ್ದದ್ದು 2019-21ರ ಸಮೀಕ್ಷೆಯಲ್ಲಿ 2.36ಕ್ಕೆ ಇಳಿದಿದೆ, ಇಷ್ಟು ವೇಗದ ಇಳಿಕೆ ಬೇರೆ ಯಾವ ದೊಡ್ಡ ಸಮುದಾಯದಲ್ಲೂ ಆಗಿಲ್ಲ. ಆದರೂ 2025ರ ಆಗಸ್ಟ್ 15ರಂದು ಕೆಂಪುಕೋಟೆಯಿಂದ ಪ್ರಧಾನಿಯವರು ನುಸುಳುಕೋರರಿಂದ ಜನಸಂಖ್ಯಾ ಸ್ವರೂಪ ಬದಲಾಗುತ್ತಿದೆಯೆಂದು ಎಚ್ಚರಿಸಿ ಉನ್ನತಾಧಿಕಾರದ ಜನಸಂಖ್ಯಾ ಮಿಷನ್ ಘೋಷಿಸಿದರು. ವಲಸೆ ಮತ್ತು ಗರ್ಭ, ಎರಡನ್ನೂ ಒಂದೇ ಉಸಿರಿನಲ್ಲಿ ಸಂಶಯಿಸುವ ಕಲೆ ಯುರೋಪಿನ ಬಲಪಂಥೀಯರ ಸೊತ್ತು ಮಾತ್ರವಲ್ಲ.

ಗಡಿ ದಾಟದ ವಲಸೆಯಲ್ಲೂ ಇದೇ ಕತೆ. ಮಹಾರಾಷ್ಟ್ರದ ಬೀಡ್ ಜಿಲ್ಲೆಯಿಂದ ಪ್ರತಿ ಹಂಗಾಮಿನಲ್ಲಿ ಕಬ್ಬು ಕಡಿಯುವ ಕುಟುಂಬಗಳು ಪಶ್ಚಿಮ ಮಹಾರಾಷ್ಟ್ರಕ್ಕೂ ನಮ್ಮ ಉತ್ತರ ಕರ್ನಾಟಕದ ಗದ್ದೆಗಳಿಗೂ ಬರುತ್ತವೆ. ಗಂಡಹೆಂಡತಿಯನ್ನು ಜೊತೆ ಮಾಡಿ ‘ಕೊಯ್ತಾ’ ಎಂದು ಒಂದೇ ಘಟಕವಾಗಿ ಲೆಕ್ಕ ಹಿಡಿಯುವ ಮುಕದ್ದಮ್ ಮುಂಗಡ ಕೊಡುತ್ತಾನೆ. ಒಂದು ದಿನ ಕೆಲಸ ತಪ್ಪಿದರೆ ದಂಡ. ಮುಟ್ಟಿನ ನೋವಿಗೂ ದಂಡ. 2019ರಲ್ಲಿ ಮಹಾರಾಷ್ಟ್ರ ಸರಕಾರ ನೇಮಿಸಿದ ಸಮಿತಿ ಬೀಡ್‌ನ 82,309 ಮಹಿಳಾ ಕಬ್ಬು ಕಾರ್ಮಿಕರನ್ನು ವಿಚಾರಿಸಿದಾಗ 13,861 ಮಂದಿಯ ಗರ್ಭಕೋಶ ತೆಗೆದಿರುವುದು ತಿಳಿಯಿತು. ನಾವು ಚಹಾಕ್ಕೆ ಹಾಕಿಕೊಳ್ಳುವ ಸಕ್ಕರೆಯ ಲೆಕ್ಕದಲ್ಲಿ ಇದು ಎಲ್ಲಿಯೂ ಬರುವುದಿಲ್ಲ. ಕಲಬುರಗಿಯ ತಾಂಡಾಗಳ ಲಂಬಾಣಿ ಸ್ತ್ರೀಯರು ಇಂತಹುದೇ ದೂರಿನೊಂದಿಗೆ 2017ರಲ್ಲಿ ಬೀದಿಗಿಳಿದಿದ್ದರು.

ಇನ್ನು ನಮ್ಮ ಮನೆಯ ಮಾತು. ಇದನ್ನು ಬರೆಯದೆ ಕತರನ್ನೂ ಲಂಡನ್ನನ್ನೂ ಟೀಕಿಸುವುದು ಸುಲಭದ ಕೆಲಸ.

ದಕ್ಷಿಣ ಕನ್ನಡ, ಉಡುಪಿ, ಭಟ್ಕಳಗಳ ಸಾವಿರಾರು ಮನೆಗಳಲ್ಲಿ ವಲಸೆ ಹೋದವನು ಗಂಡು. ವಲಸೆಯ ಭಾರ ಹೊತ್ತವಳು ಊರಲ್ಲೇ ಉಳಿದ ಹೆಣ್ಣು. ಎರಡು ವರ್ಷಕ್ಕೊಮ್ಮೆ ಎರಡು ತಿಂಗಳ ರಜೆ. ಮದುವೆಯಾಗಿ ನಲ್ವತ್ತನೆಯ ದಿನಕ್ಕೆ ವಿಮಾನ. ಆ ನಲ್ವತ್ತು ದಿನಗಳಲ್ಲಿ ಗರ್ಭ ನಿಲ್ಲದಿದ್ದರೆ ಮುಂದಿನ ಎರಡು ವರ್ಷ ಅತ್ತೆ, ನಾದಿನಿ, ನೆರೆಮನೆಯವರೆಲ್ಲರ ನೋಟ ಆಕೆಯ ಹೊಟ್ಟೆಯ ಮೇಲೆ. ‘ವಿಶೇಷ ಏನಾದರೂ ಇದೆಯಾ?’ ಎಂಬ ಪ್ರಶ್ನೆಗೆ ಆಕೆ ಒಬ್ಬಳೇ ಉತ್ತರ ಕೊಡಬೇಕು. ಮಂಗಳೂರಿನ ಆಸ್ಪತ್ರೆಗೆ ಕರೆದೊಯ್ಯುವುದೂ ಆಕೆಯನ್ನೇ, ಸ್ಕ್ಯಾನಿಂಗ್ ಆಕೆಗೇ, ಇಂಜೆಕ್ಷನ್ ಆಕೆಗೇ. ಬಂಜೆತನದ ಪ್ರಕರಣಗಳಲ್ಲಿ ಸುಮಾರು ಅರ್ಧದಷ್ಟರಲ್ಲಿ ಪುರುಷನ ಪಾಲೂ ಇರುತ್ತದೆಂದು ವೈದ್ಯರು ಎಷ್ಟು ಬಾರಿ ಹೇಳಿದರೂ, ದಮ್ಮಾಮ್‌ನ ಸುಡುಬಿಸಿಲಲ್ಲಿ ವರ್ಷಗಟ್ಟಲೆ ದುಡಿದ ಮಗನ ಪರೀಕ್ಷೆ ಮಾಡಿಸೋಣವೆಂದರೆ ಅದು ಕುಟುಂಬದ ಮಾನದ ಪ್ರಶ್ನೆಯಾಗುತ್ತದೆ. ಎರಡನೇ ಮದುವೆಯ ಮಾತು ಎತ್ತುವುದರಲ್ಲಿ ಮಾತ್ರ ಮಾನಹಾನಿ ಕಾಣುವುದಿಲ್ಲ. ಮಗು ಹುಟ್ಟಿದರೂ ಹೆರಿಗೆಯಲ್ಲಿ ಗಂಡನಿಲ್ಲ, ಬಾಣಂತನದ ಮಂಕಿನಲ್ಲಿ ಗಂಡನಿಲ್ಲ, ಮುಂದಿನ ಮಗು ಬೇಕೇ ಎಂಬ ತೀರ್ಮಾನ ಫೋನಿನಲ್ಲಿ, ಅದೂ ಅತ್ತೆಯ ಸಮ್ಮುಖದಲ್ಲಿ.

ಖಲೀಫಾ ಉಮರ್(ರ)ರು ಒಂದು ರಾತ್ರಿ ಗಸ್ತು ತಿರುಗುತ್ತಿದ್ದಾಗ ಯುದ್ಧಕ್ಕೆ ಹೋದ ಗಂಡನ ಅಗಲಿಕೆಯಲ್ಲಿ ಹೆಣ್ಣೊಬ್ಬಳು ಹಾಡಿಕೊಳ್ಳುವುದನ್ನು ಕೇಳಿದರು. ಆಕೆಯನ್ನು ಗದರಿಸಲಿಲ್ಲ, ಸಹನೆಯ ಉಪದೇಶ ಮಾಡಲಿಲ್ಲ. ಮಗಳು ಹಫ್ಸಾ(ರ)ರ ಬಳಿ ಹೋಗಿ, ಹೆಣ್ಣು ಗಂಡನಿಂದ ಎಷ್ಟು ಕಾಲ ದೂರ ಇರಬಲ್ಲಳು ಎಂದು ವಿಚಾರಿಸಿದರು. ನಾಲ್ಕು ತಿಂಗಳೆಂದೂ ಆರು ತಿಂಗಳೆಂದೂ ವರದಿಗಳಿವೆ. ಅದಕ್ಕಿಂತ ಹೆಚ್ಚು ಕಾಲ ಯಾವ ಯೋಧನನ್ನೂ ಮನೆಯಿಂದ ದೂರ ಇರಿಸಬಾರದೆಂದು ಆಜ್ಞೆ ಹೊರಡಿಸಿದರು. ಗಮನಿಸಬೇಕಾದುದು ಇಷ್ಟು: ಸಾಮ್ರಾಜ್ಯದ ಅಧಿಪತಿ ಹೆಣ್ಣಿನ ದೇಹದ ವಿಷಯದಲ್ಲಿ ಹೆಣ್ಣನ್ನೇ ಕೇಳಿದರು, ಮತ್ತು ಆ ಉತ್ತರವನ್ನು ಸರಕಾರದ ನಿಯಮವಾಗಿಸಿದರು. ಅದೂ ಯುದ್ಧಕಾಲದಲ್ಲಿ. ನಮ್ಮ ಸಂಸಾರಗಳಲ್ಲಿ ಎರಡು ವರ್ಷ, ಮೂರು ವರ್ಷಗಳ ಅಗಲಿಕೆಯನ್ನು ಮದುವೆಯ ಮಾತುಕತೆಯಲ್ಲಿ ಯಾರಾದರೂ ವಧುವಿನೊಂದಿಗೆ ಚರ್ಚಿಸುತ್ತಾರೆಯೇ? ವರದಕ್ಷಿಣೆ, ಚಿನ್ನ, ಹಾಲ್, ಊಟ ಎಲ್ಲವೂ ನಿಗದಿಯಾಗುತ್ತದೆ. ಗಂಡ ಎಷ್ಟು ಕಾಲ ಜೊತೆಗಿರುತ್ತಾನೆಂಬುದು ಮಾತ್ರ ವಧುವಿನ ನಸೀಬಿಗೆ ಬಿಟ್ಟದ್ದು. ನಿಕಾಹ್‌ನ ಕರಾರಿನಲ್ಲಿ ಷರತ್ತುಗಳನ್ನು ಬರೆಯಿಸುವ ಅವಕಾಶವನ್ನು ಧರ್ಮ ಕೊಟ್ಟಿದೆ. ನಮ್ಮ ಜಮಾಅತ್ ಕಮಿಟಿಗಳ ನಿಕಾಹ್ ಪುಸ್ತಕದಲ್ಲಿ ಅದಕ್ಕೆಂದು ಒಂದು ಕಾಲಂ ಇಡಲು ಏನು ಅಡ್ಡಿ?

ಭಾರತ ಸರಕಾರದ ಔದಾರ್ಯವನ್ನೂ ಉಲ್ಲೇಖಿಸಬೇಕು. ಇ.ಸಿ.ಆರ್. ಪಟ್ಟಿಯ ರಾಷ್ಟ್ರಗಳಿಗೆ ಮನೆಗೆಲಸಕ್ಕೆ ಹೋಗಲು ಹೆಣ್ಣಿಗೆ 30 ವರ್ಷ ತುಂಬಿರಬೇಕೆಂಬ ನಿಯಮ ಅದರದ್ದು. ರಕ್ಷಣೆ ಎಂದು ಹೆಸರು. ಫಲಿತಾಂಶವೇನೆಂದರೆ ಬಡ ಹೆಣ್ಣು ವಿಸಿಟ್ ವೀಸಾದಲ್ಲಿ, ಏಜೆಂಟನ ಕೈಹಿಡಿದು, ಯಾವ ದಾಖಲೆಯೂ ಇಲ್ಲದೆ ಹೋಗುತ್ತಾಳೆ. ಅಲ್ಲಿ ಆಕೆ ಗರ್ಭಿಣಿಯಾದರೆ, ಬಲಾತ್ಕಾರಕ್ಕೆ ಒಳಗಾದರೆ, ರಾಯಭಾರ ಕಚೇರಿಯ ಕಡತದಲ್ಲಿ ಆಕೆಯೇ ಇರುವುದಿಲ್ಲ.

ತಿರುವನಂತಪುರದ ಅಭಿವೃದ್ಧಿ ಅಧ್ಯಯನ ಕೇಂದ್ರ 1998ರಿಂದ ಕೇರಳ ವಲಸೆ ಸಮೀಕ್ಷೆಯನ್ನು ನಡೆಸುತ್ತಾ ಬಂದಿತು. ಕೆ.ಸಿ. ಝಕರಿಯಾ ಮತ್ತು ಎಸ್. ಇರುದಯರಾಜನ್ ಅವರಂತಹ ವಿದ್ವಾಂಸರು ಎಷ್ಟು ಹಣ ಬಂತೆಂಬ ಲೆಕ್ಕದೊಂದಿಗೆ ‘ಗಲ್ಫ್ ಹೆಂಡತಿಯರ’ ಬದುಕನ್ನೂ ಅಧ್ಯಯನದೊಳಗೆ ತಂದರು. ಲೀಲಾ ಗುಲಾಟಿಯವರು ಗಂಡಂದಿರಿಲ್ಲದ ಕೇರಳದ ಮನೆಗಳ ಕುರಿತು 1993ರಲ್ಲಿಯೇ ಗ್ರಂಥ ಬರೆದರು. ಅಷ್ಟು ದೀರ್ಘಕಾಲದ ಸಮೀಕ್ಷಾ ಸರಣಿ ಕರ್ನಾಟಕದ ಕರಾವಳಿಗೆ ಇಲ್ಲ. ವೈದ್ಯಕೀಯ ಕಾಲೇಜುಗಳಿಗೆ ಮಂಗಳೂರಿನಲ್ಲಿ ಬರವಿಲ್ಲ. ಅವುಗಳಲ್ಲಿ ನಮ್ಮವರೇ ಕಟ್ಟಿದವೂ ಇವೆ. ಸಮುದಾಯ ವೈದ್ಯಶಾಸ್ತ್ರವೆಂಬ ವಿಭಾಗ ಪ್ರತಿಯೊಂದರಲ್ಲೂ ಇದೆ. ಗಲ್ಫ್‌ನ ಹಣದಿಂದ ಎದ್ದ ಕಟ್ಟಡಗಳಲ್ಲಿ ಕುಳಿತು ಓದುವ ನಮ್ಮ ಹೆಣ್ಣುಮಕ್ಕಳು, ಆ ಹಣ ಬಂದ ಮನೆಗಳ ತಾಯಂದಿರನ್ನು ಹೋಗಿ ಕೇಳಲಿ: ಮದುವೆಯಾದ ಇಷ್ಟು ವರ್ಷಗಳಲ್ಲಿ ಗಂಡನೊಂದಿಗೆ ಕಳೆದ ತಿಂಗಳುಗಳೆಷ್ಟು? ಹೆರಿಗೆಯ ಹೊತ್ತಿಗೆ ಜೊತೆಗಿದ್ದವರು ಯಾರು? ಮಕ್ಕಳ ಸಂಖ್ಯೆ ಮತ್ತು ಅಂತರವನ್ನು ತೀರ್ಮಾನಿಸಿದವರು ಯಾರು? ಬಂಜೆತನದ ಪರೀಕ್ಷೆ ಮೊದಲು ನಡೆದದ್ದು ಯಾರಿಗೆ? ಗರ್ಭಕೋಶ ತೆಗೆಸಿಕೊಂಡಿದ್ದರೆ, ಯಾವ ವಯಸ್ಸಿನಲ್ಲಿ, ಯಾರ ಮಾತಿಗೆ? ಉಳ್ಳಾಲದಿಂದ ಭಟ್ಕಳದವರೆಗೆ ಒಂದು ಸಾವಿರ ಮನೆಗಳಲ್ಲಿ ಈ ಐದು ಪ್ರಶ್ನೆಗಳನ್ನು ಕೇಳಿ ಬರೆದುಕೊಳ್ಳಲು ಒಂದು ವರ್ಷವೂ, ಮಧ್ಯಮ ದರ್ಜೆಯ ಒಂದು ಮದುವೆಯ ಖರ್ಚಿನಷ್ಟು ಹಣವೂ ಸಾಕು.